ಕಾನ್ಹೇರಿಯ ಬಂಡೆ, ಬನವಾಸಿಯ ಸೆಟ್ಟಿ

ಮುಂಬಯಿಗೆ ಬಂದು ನೆಲೆಸುವ ಕನ್ನಡಿಗನಿಗೆ ಈ ನಗರ ಮೊದಲು ಪರಿಚಯವಾಗುವುದು ರೈಲು ಹಳಿಗಳ ಮೂಲಕ. ಚರ್ಚ್‌ಗೇಟಿನಿಂದ ವಿರಾರಿಗೆ ಒಂದು ಗೆರೆ, ಶಿವಾಜಿ ಟರ್ಮಿನಸ್ಸಿನಿಂದ ಕಲ್ಯಾಣಕ್ಕೆ ಇನ್ನೊಂದು ಗೆರೆ; ಅವನ ಭೂಗೋಳ ಅಷ್ಟಕ್ಕೇ ಮುಗಿಯುತ್ತದೆ. ಈ ಎರಡು ಗೆರೆಗಳ ನಡುವೆ ಬೆಟ್ಟವಿದೆ, ಕಣಿವೆಯಿದೆ, ಚಿರತೆ ಓಡಾಡುವ ಕಾಡಿದೆ ಎಂಬುದು ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು. ತಿಳಿಸಿಕೊಟ್ಟವರು ಗೆಳೆಯರು. ನಾವು ಐವರು: ಧಾರವಾಡದ ಕಡೆಯ ಒಬ್ಬ ಬ್ಯಾಂಕ್ ಅಧಿಕಾರಿ, ಕಾರವಾರದ ಒಬ್ಬ ಉಪನ್ಯಾಸಕ, ಬಾಂದ್ರಾದಲ್ಲೇ ಹುಟ್ಟಿ ಬೆಳೆದ ಈಸ್ಟ್ ಇಂಡಿಯನ್ ಸಮುದಾಯದ ಒಬ್ಬ ಕ್ರೈಸ್ತ ಮಿತ್ರ, ಸಾತಾರಾ ಮೂಲದ ನನ್ನ ಸಹೋದ್ಯೋಗಿ ಮತ್ತು ನಾನು. ತಿಂಗಳಿಗೊಂದು ಭಾನುವಾರ ನಸುಕಿನಲ್ಲಿ ಬಾಂದ್ರಾ ನಿಲ್ದಾಣದ ಟಿಕೆಟ್ ಕಿಟಕಿಯ ಬಳಿ ಸೇರುವುದು, ಚಹ ಕುಡಿದು ಯಾವುದಾದರೊಂದು ಬೆಟ್ಟದ ಕಡೆ ಹೊರಡುವುದು ನಮ್ಮ ಕ್ರಮ. ನಮ್ಮೊಳಗಿನ ಮಾತು ಬಹುಪಾಲು ಹಿಂದಿಯಲ್ಲಿ. ಜಗಳ ಮಾತ್ರ ಅವರವರ ಭಾಷೆಯಲ್ಲಿ.

ಈ ಲೇಖನ ಅಂಥದೊಂದು ಜಗಳದಿಂದ ಹುಟ್ಟಿದ್ದು.

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವು ಸುಮಾರು 104 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡ ಕಾಡು. ಅದರ ನಡುವಿನ ಕಾನ್ಹೇರಿ ಗುಡ್ಡಕ್ಕೆ ಮುಖ್ಯ ದ್ವಾರದಿಂದ ಕಾಲ್ನಡಿಗೆಯಲ್ಲಿ ಹೋದರೆ ಒಂದೂವರೆ ಗಂಟೆಯ ದಾರಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಕ್ಕಿಸಿದ ಲಾವಾ ಆರಿ ಗಟ್ಟಿಯಾದ ಕಪ್ಪು ನೆಲ ಇದು. ಶಾಸನಗಳಲ್ಲಿ ಈ ಗುಡ್ಡಕ್ಕೆ ಕೃಷ್ಣಗಿರಿ ಎಂಬ ಹೆಸರು. ಪ್ರಾಕೃತದಲ್ಲಿ ಕಣ್ಹಗಿರಿ, ಕಣ್ಹಸೇಲ. ನಮ್ಮ ಹಳ್ಳಿಯವರಾಗಿದ್ದರೆ ಕರಿಗುಡ್ಡ ಎಂದು ಕರೆದು ಸುಮ್ಮನಾಗುತ್ತಿದ್ದರು. ಒಂದು ಹಳ್ಳ ಗುಡ್ಡವನ್ನು ಸೀಳಿ ಆಳವಾದ ಕಮರಿಯೊಂದನ್ನು ಮಾಡಿಕೊಂಡಿದೆ. ಆ ಕಮರಿಯ ಎರಡೂ ದಡಗಳ ಬಂಡೆಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಕ್ರಿಸ್ತಪೂರ್ವ 1ನೆಯ ಶತಮಾನದ ಆಸುಪಾಸಿನಲ್ಲಿ ಆರಂಭವಾದ ಬೌದ್ಧ ಭಿಕ್ಷುಗಳ ವಾಸ ಇಲ್ಲಿ ಸುಮಾರು ಸಾವಿರ ವರ್ಷ ನಡೆಯಿತು. ಕಲ್ಯಾಣ, ಸೊಪಾರಾ, ನಾಸಿಕಗಳ ವರ್ತಕರು, ಗೃಹಿಣಿಯರು, ಭಿಕ್ಷುಣಿಯರು ಕೊಟ್ಟ ದಾನಗಳ ವಿವರ ಗೋಡೆಗಳ ಮೇಲಿದೆ.

ನನ್ನ ಕುತೂಹಲ ಇದ್ದದ್ದು ಬೇರೊಂದು ಬರಹದ ಮೇಲೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು ಕಾನ್ಹೇರಿಯ ಮೂರು ಶಾಸನಗಳಲ್ಲಿ ಬರುತ್ತದೆ ಎಂದು ಓದಿದ್ದೆ. 843ರ ಶಾಸನದಲ್ಲಿ ಅವನ ಸಾಮಂತ, ಕೊಂಕಣದ ಶಿಲಾಹಾರ ಪುಲ್ಲಶಕ್ತಿಯ ಉಲ್ಲೇಖವಿದೆ. 853 ಮತ್ತು 877ರ ಶಾಸನಗಳಲ್ಲಿ ಪುಲ್ಲಶಕ್ತಿಯ ಮಗ ಎರಡನೆಯ ಕಪರ್ದಿ ಬರುತ್ತಾನೆ. ಅಮೋಘವರ್ಷ 814ರಲ್ಲಿ ಪಟ್ಟಕ್ಕೆ ಬಂದವನು. ಅವನು ಆರು ದಶಕಗಳಿಗೂ ಮೀರಿ ಆಳಿದನೆಂಬುದಕ್ಕೆ ಕಾನ್ಹೇರಿಯ 877ರ ಬರಹವೂ ಒಂದು ಆಧಾರ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ ಶ್ರೀವಿಜಯನಿಂದ ರಚಿತವಾದದ್ದು ಇದೇ ಅರಸನ ಆಸ್ಥಾನದಲ್ಲಿ, ಸುಮಾರು 850ರಲ್ಲಿ. ಅಂದರೆ, ಮಾನ್ಯಖೇಟದಲ್ಲಿ ಕನ್ನಡದ ಮೊದಲ ಪುಸ್ತಕ ಸಿದ್ಧವಾಗುತ್ತಿದ್ದ ದಶಕದಲ್ಲೇ ಇಂದಿನ ಬೋರಿವಲಿಯ ಈ ಬಂಡೆಯ ಮೇಲೆ ಅದರ ಪೋಷಕನ ಹೆಸರು ಕೊರೆಯಲ್ಪಡುತ್ತಿತ್ತು!

ಗುಹೆಯ ಕಂಬಕ್ಕೆ ಒರಗಿ ಕುಳಿತು ಇದನ್ನೆಲ್ಲ ಗೆಳೆಯರಿಗೆ ವಿವರಿಸಿದೆ. ವಿವರಿಸುತ್ತ ದನಿ ಏರಿತು. ಕೊನೆಗೆ, “ನೋಡಿ, ಮುಂಬಯಿಯ ನೆಲದಲ್ಲಿ ನಮ್ಮ ನೃಪತುಂಗನ ಮುದ್ರೆ ಬಿದ್ದು ಸಾವಿರದ ನೂರೈವತ್ತು ವರ್ಷ ದಾಟಿತು. ನಾವಿಲ್ಲಿ ಹೊರಗಿನವರಲ್ಲ” ಎಂದೆ. ಸಾತಾರಾದ ಗೆಳೆಯ ಅದುವರೆಗೆ ಸುಮ್ಮನೆ ಕೇಳುತ್ತಿದ್ದವನು, “ಹಾಗಾದರೆ ಬೆಳಗಾವಿಯ ಜೊತೆಗೆ ಬೋರಿವಲಿಯನ್ನೂ ನೀವೇ ಇಟ್ಟುಕೊಳ್ಳಿ” ಎಂದ. ಉಳಿದವರು ನಕ್ಕರು. ಅವನು ನಗಲಿಲ್ಲ, ನಾನೂ ನಗಲಿಲ್ಲ. ಒಂದಕ್ಕೊಂದು ಮಾತು ಬೆಳೆಯಿತು. ಗಡಿ ಬಂತು, ಆಯೋಗ ಬಂತು, ಅವನ ಅಜ್ಜ ಬಂದರು, ನನ್ನ ಅಜ್ಜ ಬಂದರು. ಗುಡ್ಡ ಇಳಿಯುವಾಗ ಅವನು ಮುಂದೆ, ನಾನು ಹಿಂದೆ. ಮರುದಿನದಿಂದ ಕಚೇರಿಯಲ್ಲಿ ಮಾತು ಕಡತಗಳಿಗಷ್ಟೇ ಸೀಮಿತವಾಯಿತು. ಮುಂದಿನ ಮೂರು ಚಾರಣಗಳಿಗೆ ಅವನು ಬರಲಿಲ್ಲ.

ಸಿಟ್ಟು ಇಳಿದ ಮೇಲೆ ಆ ಶಾಸನಗಳ ವಿಷಯವನ್ನು ನಿಧಾನವಾಗಿ ಓದಿದೆ. ಓದಿದಂತೆ ನನ್ನ ಮಾತಿನ ಆತುರ ನನಗೇ ಕಾಣತೊಡಗಿತು.

ಮೊದಲನೆಯದಾಗಿ, ಅವು ಸಂಸ್ಕೃತ ಶಾಸನಗಳು, ಕನ್ನಡದವಲ್ಲ. ಎರಡನೆಯದಾಗಿ, ಅಲ್ಲಿ ಅರಸನ ಹೆಸರು ಕಾಲವನ್ನೂ ಅಧಿಕಾರವನ್ನೂ ಸೂಚಿಸಲು ಮಾತ್ರ ಬರುತ್ತದೆ. ಮುಖ್ಯ ವಿಷಯ ದಾನ. 843ರ ಶಾಸನದಲ್ಲಿ ದಾನಿ ಒಬ್ಬ ವೃದ್ಧ ಅಮಾತ್ಯ. ಅವನು ಕೃಷ್ಣಗಿರಿಯ ಸಂಘಕ್ಕೆ ದ್ರಮ್ಮಗಳನ್ನು ಕೊಟ್ಟು ವಿಹಾರದ ದುರಸ್ತಿ, ಭಿಕ್ಷುಗಳ ಚೀವರ ಮತ್ತು ಪುಸ್ತಕಗಳಿಗೆಂದು ವ್ಯವಸ್ಥೆ ಮಾಡಿದ. 853ರ ದಾನಿಯ ಹೆಸರು ಅವಿಘ್ನಾಕರ. ಅವನ ಊರು ಕೊಂಕಣವೂ ಅಲ್ಲ, ಕರ್ನಾಟಕವೂ ಅಲ್ಲ. ಗೌಡದೇಶ, ಎಂದರೆ ಬಂಗಾಳ. ಹೀಗೆ ಕನ್ನಡ ಕವಿಗಳ ಪೋಷಕನೂ ಜೈನಧರ್ಮದತ್ತ ಒಲಿದವನೂ ಆದ ಒಬ್ಬ ಚಕ್ರವರ್ತಿ, ಅವನ ಕೈಕೆಳಗೆ ಕೊಂಕಣದ ಒಬ್ಬ ಸಾಮಂತ, ಅವನ ನಾಡಿಗೆ ಬಂದ ಬಂಗಾಳದ ಒಬ್ಬ ಬೌದ್ಧ ದಾನಿ, ಅವರೆಲ್ಲರ ಹೆಸರನ್ನು ಸಂಸ್ಕೃತದಲ್ಲಿ ಕೆತ್ತಿದ ಒಬ್ಬ ಕಲ್ಕುಟಿಗ. ಇದರಲ್ಲಿ ‘ನಮ್ಮದು’ ಎಂದು ಬೆರಳಿಟ್ಟು ತೋರಿಸುವುದು ಯಾವುದನ್ನು? ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂಬ ಅರ್ಥದ ಮಾತು ‘ಕವಿರಾಜಮಾರ್ಗ’ದಲ್ಲೇ ಇದೆ. ಪುಸ್ತಕದ ಹೆಸರನ್ನು ಗುಹೆಯಲ್ಲಿ ಜೋರಾಗಿ ಹೇಳಿದ್ದ ನಾನು ಅದರ ಒಳಗಿನ ಮಾತನ್ನು ಮರೆತಿದ್ದೆ.

ಹಾಗೆಂದು ಕನ್ನಡದ ಕುರುಹು ಈ ನೆಲದಲ್ಲಿ ಇಲ್ಲವೆಂದಲ್ಲ. ಇದೇ ಶಿಲಾಹಾರರ ವಂಶದ ಅಪರಾಜಿತನು ಭಿವಂಡಿಯ ಬಳಿಯ ಭಾದಾನ ಗ್ರಾಮವನ್ನು 997ರಲ್ಲಿ ದಾನ ಮಾಡಿದ ತಾಮ್ರಪಟ ಸಿಕ್ಕಿದೆ. ಅವನ ಕಾಲದ ತಾಮ್ರಪಟಗಳ ಸಂಸ್ಕೃತದ ನಡುವೆ ಗಂಡರಗಂಡ, ಮಲಗಳಗಂಡ, ನನ್ನಿಸಮುದ್ರ ಎಂಬ ಬಿರುದುಗಳು ಬರುತ್ತವೆ. ಥಾಣೆಯ ಅರಸನಿಗೆ ‘ನನ್ನಿ’ ಎಂಬ ಅಚ್ಚಗನ್ನಡ ಪದ ಬಿರುದಾಗಿತ್ತು! ನನ್ನ ಮನಸ್ಸಿಗೆ ಇನ್ನೂ ನಾಟಿದ್ದು ಆ ತಾಮ್ರಪಟದ ಇನ್ನೊಂದು ಸಂಗತಿ. ಚಾಲುಕ್ಯ ತೈಲಪನು 973ರಲ್ಲಿ ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗೊಳಿಸಿ ಎರಡು ದಶಕಗಳು ಕಳೆದಿದ್ದವು. ಆದರೂ ಅಪರಾಜಿತ ತನ್ನ ದಾನಪತ್ರದಲ್ಲಿ ರಾಷ್ಟ್ರಕೂಟರ ವಂಶಾವಳಿಯನ್ನು ವಿವರವಾಗಿ ಬರೆಯಿಸಿ, ಆ ರಾಜ್ಯ ಅಳಿದುಹೋದದ್ದಕ್ಕೆ ಮರುಗಿದ್ದಾನೆ. ಬಿದ್ದುಹೋದ ಮನೆತನವನ್ನು ನೆನೆಯುವುದರಿಂದ ಅವನಿಗೆ ಯಾವ ಲಾಭವೂ ಇರಲಿಲ್ಲ. ಅದು ಋಣದ ಮಾತು.

ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಮಹಾರಾಷ್ಟ್ರದ ನೆಲದೊಳಗೆ ಹುದುಗಿದ ಕನ್ನಡವನ್ನು ಹುಡುಕಿದರು. ಪಂಢರಪುರದ ವಿಠ್ಠಲನ ಕನ್ನಡದ ನಂಟನ್ನು ಮರಾಠಿಯಲ್ಲೇ ವಿಸ್ತಾರವಾಗಿ ಚರ್ಚಿಸಿದವರು ರಾ.ಚಿಂ. ಢೇರೆ. ಇಬ್ಬರೂ ಹುಡುಕಿದ್ದು ಒಂದೇ ಬೇರನ್ನು. ಆದರೆ ಬೇರನ್ನು ಹುಡುಕುವುದು ಬೇರೆ, ಮರ ನನ್ನದೆಂದು ಬೇಲಿ ಹಾಕುವುದು ಬೇರೆ. ಆ ಭಾನುವಾರ ನಾನು ಮಾಡಿದ್ದು ಎರಡನೆಯದು.

ಅಕ್ಟೋಬರಿನಲ್ಲಿ ನಾವು ನಾಲ್ವರು ನಾಣೇಘಾಟಿಗೆ ಹೋದೆವು. ಕಲ್ಯಾಣದಿಂದ ಮುರಬಾಡ ದಾಟಿ ವೈಶಾಖರೆಯ ಬಳಿ ಬಸ್ಸಿಳಿದರೆ ಎದುರಿಗೆ ಸಹ್ಯಾದ್ರಿಯ ಗೋಡೆ. ಕೊಂಕಣದ ಬಂದರುಗಳಿಂದ ದಖ್ಖನ್ನಿನ ಮೇಲ್ನಾಡಿಗೆ, ಜುನ್ನರಿನ ಕಡೆಗೆ ಏರಿಹೋಗುವ ಪುರಾತನ ಕಣಿವೆದಾರಿ ಇದು. ಎರಡು ಸಾವಿರ ವರ್ಷಗಳ ಹಿಂದೆ ಹೇರೆತ್ತುಗಳು, ಕತ್ತೆಗಳು ಸರಕು ಹೊತ್ತು ಏರಿದ ದಾರಿ. ಘಾಟಿನ ತುದಿಯಲ್ಲಿ ಒಂದು ಕಲ್ಲಿನ ಕೊಡವಿದೆ. ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕುತ್ತಿದ್ದರೆಂದು ಜನ ಹೇಳುತ್ತಾರೆ.

ಮಳೆಗಾಲ ಮುಗಿಯಿತೆಂಬ ನಮ್ಮ ಲೆಕ್ಕ ತಪ್ಪಿತ್ತು. ಅರ್ಧ ಏರುವಷ್ಟರಲ್ಲಿ ಮೋಡ ಇಳಿದು ದಾರಿ ಮುಚ್ಚಿತು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಬ್ಯಾಂಕಿನ ಗೆಳೆಯ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಹಳ್ಳದ ಕೆಂಪು ನೀರು ದಾರಿಯ ಮೇಲೇ ಹರಿಯತೊಡಗಿತು. ಇಳಿಯುವುದು ಏರುವುದಕ್ಕಿಂತ ಅಪಾಯ. ಅಂಥ ಹೊತ್ತಿನಲ್ಲಿ ಸಾತಾರಾದವನ ಕೊರತೆ ನಮಗೆ ಚೆನ್ನಾಗಿ ತಿಳಿಯಿತು. ಹಗ್ಗ, ಔಷಧದ ಪೆಟ್ಟಿಗೆ, ದಾರಿಯ ನಕ್ಷೆ, ಎಲ್ಲವೂ ಸದಾ ಅವನ ಚೀಲದಲ್ಲಿರುತ್ತಿದ್ದವು. ನಾವು ಮೂವರು ಸರದಿಯಂತೆ ಭುಜ ಕೊಟ್ಟು ಗೆಳೆಯನನ್ನು ಮೇಲಕ್ಕೆ ಸಾಗಿಸಿದೆವು. ಬಹಳ ಹೊತ್ತಿನ ಮೇಲೆ ಮಂಜಿನ ನಡುವೆ ಒಂದು ಕಪ್ಪು ಬಾಯಿ ಕಂಡಿತು. ಅದೇ ನಾಣೇಘಾಟಿನ ಗುಹೆ.

ಒಳಗೆ ಮೂರು ಬದಿಗೂ ಕಲ್ಲಿನ ಜಗಲಿ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಆ ಜಗಲಿಯ ಮೇಲೆ ಗೆಳೆಯನನ್ನು ಮಲಗಿಸಿದಾಗ ಆ ಗುಹೆ ಯಾಕಾಗಿ ಇದೆ ಎಂಬುದು ಯಾವ ಪುಸ್ತಕವೂ ಹೇಳದಷ್ಟು ಸ್ಪಷ್ಟವಾಗಿ ಅರ್ಥವಾಯಿತು. ಘಾಟಿ ಏರಿ ಬಂದವನಿಗೆ ಮೊದಲು ಬೇಕಾದದ್ದು ಒಣಗಿದ ಒಂದು ಜಗಲಿ. ಪ್ರಸಿದ್ಧವಾದ ನಾಗನಿಕಾ ಶಾಸನ ಇದೇ ಗೋಡೆಗಳ ಮೇಲಿದೆ. ಸಾತವಾಹನ ರಾಜಮನೆತನದ ಯಜ್ಞಗಳು, ಅವುಗಳಲ್ಲಿ ಕೊಟ್ಟ ದಕ್ಷಿಣೆಯ ಗೋವುಗಳು, ಕುದುರೆಗಳು, ಕಾರ್ಷಾಪಣಗಳು, ಎಲ್ಲದರ ಲೆಕ್ಕ ಅಲ್ಲಿದೆ. ಆ ಲೆಕ್ಕದ ದೆಸೆಯಿಂದಲೇ ಭಾರತದ ಅತ್ಯಂತ ಹಳೆಯ ಅಂಕಿಗಳಲ್ಲಿ ಕೆಲವು ಇಲ್ಲಿ ಉಳಿದುಕೊಂಡಿವೆ. ಹಿಂಗೋಡೆಯಲ್ಲಿ ಸಿಮುಕ, ನಾಗನಿಕೆ, ಶಾತಕರ್ಣಿ ಮುಂತಾದವರ ಮೂರ್ತಿಗಳಿದ್ದವು. ಈಗ ಮೂರ್ತಿಗಳಿಲ್ಲ, ಹೆಸರುಗಳಿವೆ, ಕೆಳಗೆ ಪಾದಗಳ ಗುರುತಿದೆ. ನೂರಾರು ವರ್ಷ ಮೆರೆದ ಮನೆತನದವರು ತಮ್ಮ ಗುಹೆಯಲ್ಲಿ ಬಿಟ್ಟುಹೋದದ್ದು ಪಾದಗಳನ್ನು. ಉಪಕಾರಕ್ಕೆ ಬಂದದ್ದು ಜಗಲಿ. ಸಂಜೆ ಮಳೆ ನಿಂತ ಮೇಲೆ ಮೇಲ್ನಾಡಿನ ಹಳ್ಳಿಯ ಇಬ್ಬರು ಹುಡುಗರು ಬಂದು, ಗೆಳೆಯನನ್ನು ಜೀಪು ಸಿಗುವ ರಸ್ತೆಯವರೆಗೆ ಎತ್ತಿಕೊಂಡೇ ಹೋದರು. ಅವರು ನಮ್ಮ ಭಾಷೆ ಯಾವುದೆಂದು ಕೇಳಲಿಲ್ಲ.

ಆ ರಾತ್ರಿ ಮನೆಗೆ ಬಂದು ಸಾತಾರಾದ ಗೆಳೆಯನಿಗೆ ಕರೆ ಮಾಡಿದೆ. ಕ್ಷಮೆ ಕೇಳಲು ಮಾತು ಸಿಗದೆ, ನಡೆದದ್ದನ್ನು ಹೇಳಿದೆ. ಅವನು ಎಲ್ಲ ಕೇಳಿ, “ಹಗ್ಗ ಒಯ್ಯಲಿಲ್ಲವೇ?” ಎಂದಷ್ಟೇ ಕೇಳಿದ. ಜನವರಿಯಲ್ಲಿ ಕಾರ್ಲೆಗೆ ಹೋಗೋಣವೆಂದು ಅವನೇ ಸೂಚಿಸಿದ.

ಬಾಂದ್ರಾದಿಂದ ದಾದರಿಗೆ ಹೋಗಿ ಅಲ್ಲಿಂದ ಪುಣೆಯ ರೈಲು ಹಿಡಿದರೆ ಕರ್ಜತಿನ ನಂತರ ಬೋರ್‌ಘಾಟ್. 1863ರಲ್ಲಿ ರೈಲು ಮೊದಲು ಏರಿದ ಈ ಘಾಟಿನ ಹಳಿಗಳಿಗಾಗಿ ಸಾವಿರಾರು ಕೂಲಿಗಳು ಪ್ರಾಣ ತೆತ್ತಿದ್ದಾರೆ. ಲೋಣಾವಳಾದಿಂದ ಮುಂದೆ ಮಳವಲಿ ಎಂಬ ಚಿಕ್ಕ ನಿಲ್ದಾಣ. ಹಳಿಯ ಒಂದು ಪಕ್ಕದ ಗುಡ್ಡದಲ್ಲಿ ಕಾರ್ಲೆ, ಇನ್ನೊಂದು ಪಕ್ಕದಲ್ಲಿ ಭಾಜೆ, ಭಾಜೆಯ ಬೆನ್ನಿಗೆ ಲೋಹಗಡ ಮತ್ತು ವಿಸಾಪುರದ ಕೋಟೆಗಳು. ಒಂದೇ ದಿನದ ನಡಿಗೆಯಲ್ಲಿ ಎರಡು ಸಾವಿರ ವರ್ಷಗಳನ್ನು ದಾಟಬಹುದಾದ ಕಣಿವೆ ಅದು.

ಕಾರ್ಲೆಯ ಚೈತ್ಯದ ಬಾಗಿಲಲ್ಲೇ ಏಕವೀರೆಯ ಗುಡಿ. ಮುಂಬಯಿಯ ಕೋಳಿ ಮೀನುಗಾರರಿಗೆ ಅವಳು ಕುಲದೇವತೆ. ಬಾಂದ್ರಾದ, ವರ್ಲಿಯ ಕೋಳಿವಾಡೆಗಳಿಂದ ಬಂದ ಕುಟುಂಬಗಳ ನಡುವೆ ಸಾಲಿನಲ್ಲಿ ನಿಂತು ಒಳಗೆ ಹೋದೆವು. ಚೈತ್ಯ ಸುಮಾರು 124 ಅಡಿ ಉದ್ದದ್ದು, 37 ಕಂಬಗಳದ್ದು. ಚಾವಣಿಗೆ ಜೋಡಿಸಿದ ಮರದ ತೊಲೆಗಳು ಪ್ರಾಚೀನ ಕಾಲದವೇ. ಕಂಬಗಳ ಮೇಲೆ ದಾನಿಗಳ ಹೆಸರು. ಅವರಲ್ಲಿ ಧೇನುಕಾಕಟದ ಯವನರೂ ಇದ್ದಾರೆ. ಗೆಳೆಯ ನನ್ನನ್ನು ಅಲ್ಲಿ ನಿಲ್ಲಗೊಡದೆ ಮುಖಮಂಟಪಕ್ಕೆ ಕರೆದುಕೊಂಡು ಬಂದು, ಆನೆಗಳ ಶಿಲ್ಪವಿರುವ ಗೋಡೆಯ ಮೇಲೆ ಬ್ರಾಹ್ಮಿಯ ಸಾಲೊಂದನ್ನು ತೋರಿಸಿದ. “ಇದನ್ನು ಬರೆಯಿಸಿದವನು ಭೂತಪಾಲನೆಂಬ ಸೆಟ್ಟಿ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ತಾನು ಪೂರ್ಣಗೊಳಿಸಿದೆ ಎನ್ನುತ್ತಾನೆ. ಅವನ ಊರು ವೈಜಯಂತಿ. ನಿಮ್ಮ ಬನವಾಸಿ” ಎಂದ.

ವೈಜಯಂತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಬನವಾಸಿ ಎಂದೇ ಗುರುತಿಸುತ್ತಾರೆ. ಕ್ರಿಸ್ತಶಕ 1ನೆಯ ಶತಮಾನದ ಆಸುಪಾಸಿನಲ್ಲಿ ವರದಾ ನದಿಯ ದಡದ ಊರಿನ ವರ್ತಕನೊಬ್ಬ ಸಹ್ಯಾದ್ರಿಯ ಗುಂಟ ಇಷ್ಟು ದೂರ ಬಂದು, ಇಲ್ಲಿ ತನ್ನ ಗಳಿಕೆಯನ್ನು ಸುರಿದು, ಹೆಮ್ಮೆಯ ಒಂದು ಸಾಲು ಬರೆಯಿಸಿ ಹೋಗಿದ್ದಾನೆ. ನಾನು ಕಾನ್ಹೇರಿಯಲ್ಲಿ ಹುಡುಕಿದ್ದು ಅರಸನನ್ನು. ಗೆಳೆಯ ನನಗಾಗಿ ಹುಡುಕಿ ತಂದದ್ದು ಒಬ್ಬ ವಲಸಿಗನನ್ನು. ಎರಡನೆಯವನೇ ನನಗೆ ಹತ್ತಿರದವನು. ಭೂತಪಾಲನು ಕಾರ್ಲೆಯನ್ನು ಬನವಾಸಿಗೆ ಸೇರಿಸಲಿಲ್ಲ. ತನ್ನ ಊರಿನ ಹೆಸರು ಹೇಳಿಕೊಂಡು, ಬಂದ ಊರಿಗೆ ಒಂದು ಮನೆ ಕಟ್ಟಿಕೊಟ್ಟ. ಹೊರನಾಡಿನಲ್ಲಿ ಬದುಕುವವನಿಗೆ ಇದಕ್ಕಿಂತ ಗೌರವದ ನಡೆ ಯಾವುದಿದೆ?

ಆ ವರ್ಷದ ಕೊನೆಯ ಚಾರಣಕ್ಕೆ ನಾವು ಐವರೂ ಮತ್ತೆ ಕಾನ್ಹೇರಿಗೇ ಹೋದೆವು. ಈ ಬಾರಿ ನಾನು ಮಾತಾಡುವುದನ್ನು ಬಿಟ್ಟು ನೋಡಿದೆ. ಕಂಡದ್ದು ನೀರಿನ ವ್ಯವಸ್ಥೆ. ಪ್ರತಿ ವಿಹಾರದ ಪಕ್ಕದಲ್ಲೂ ಬಂಡೆಯಲ್ಲಿ ತೋಡಿದ ಒಂದು ತೊಟ್ಟಿ. ಶಾಸನಗಳ ಮಾತಿನಲ್ಲಿ ‘ಪೋಢಿ’. ಗುಡ್ಡದ ಮೇಲೆ ಬಿದ್ದ ಮಳೆ ವ್ಯರ್ಥವಾಗದಂತೆ ಕೊರೆದ ಸಣ್ಣ ಸಣ್ಣ ಕಾಲುವೆಗಳು ಆ ತೊಟ್ಟಿಗಳಿಗೆ ನೀರು ತರುತ್ತವೆ. ಅಂಥ ಒಂದು ತೊಟ್ಟಿಯ ದಾನಿ ಸತೇರಕನೆಂಬ ಅಮಾತ್ಯ. ಅದರ ಶಾಸನದಲ್ಲಿ ಸಾತವಾಹನ ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿಯ ಪ್ರಸ್ತಾಪವಿದೆ. ಆಕೆ ಕಾರ್ದಮಕ ಮನೆತನದವಳು, ಮಹಾಕ್ಷತ್ರಪನೊಬ್ಬನ ಮಗಳು. ಒಡೆದ ಅಕ್ಷರಗಳಲ್ಲಿ ‘ರು’ ಮಾತ್ರ ಉಳಿದಿರುವ ಆ ತಂದೆ ರುದ್ರದಾಮನೆಂದು ಊಹೆ. ಅದೇ ರುದ್ರದಾಮನು, ಶಾತಕರ್ಣಿಯನ್ನು ಎರಡು ಬಾರಿ ಸೋಲಿಸಿಯೂ ಹತ್ತಿರದ ಸಂಬಂಧವೆಂದು ಉಳಿಸಿದೆನೆಂದು ಗಿರ್ನಾರಿನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ರಣರಂಗದಲ್ಲಿ ಶತ್ರುಗಳು, ಮನೆಯಲ್ಲಿ ಬೀಗರು. ಅವರ ಯುದ್ಧಗಳು ಮುಗಿದವು. ತೊಟ್ಟಿಗಳಲ್ಲಿ ಇಂದಿಗೂ ಮಳೆನೀರು ನಿಲ್ಲುತ್ತದೆ.

ಇನ್ನೊಂದು ಗುಹೆಯ ಗೋಡೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರಸಿಗಳ ಗುಂಪುಗಳು ತಮ್ಮ ಹೆಸರು, ತಂದೆಯ ಹೆಸರು, ಬಂದ ದಿನ, ಇಷ್ಟನ್ನೇ ಕೆತ್ತಿಸಿವೆ. ಯಾವ ದಾನವೂ ಇಲ್ಲ, ಯಾವ ಹಕ್ಕೂ ಇಲ್ಲ. ‘ನಾವು ಒಟ್ಟಿಗೆ ಬಂದು ನೋಡಿದೆವು’ ಎಂಬ ಸಾಕ್ಷಿ ಅಷ್ಟೇ. ನೆಲೆ ಅರಸಿ ಬಂದ ಜನ ಬೆಟ್ಟ ನೋಡಲು ಗೆಳೆಯರ ಜೊತೆ ಹೊರಟಿದ್ದರು. ನಮ್ಮ ಐವರ ಗುಂಪಿಗೆ ಇವರಿಗಿಂತ ಹಿರಿಯ ಪೂರ್ವಜರನ್ನು ನಾನು ಕಾಣೆ. ಅವರ ಅನುಕರಣೆಯಲ್ಲಿ ಗೋಡೆಯ ಮೇಲೆ ಹೆಸರು ಗೀಚುವ ಇಂದಿನ ಪ್ರವಾಸಿಗಳನ್ನು ಮಾತ್ರ ಕ್ಷಮಿಸಲಾಗದು.

ಈ ಕಾಡಿನ ಮಡಿಲಲ್ಲೇ ವಿಹಾರ್ ಮತ್ತು ತುಳಸಿ ಕೆರೆಗಳಿವೆ. ವಿಹಾರ್, ಪವಾಯಿ ಕೆರೆಗಳ ಕೋಡಿಯ ನೀರು ಮೀಠಿ ನದಿಯಾಗಿ ಹರಿದು, ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳನ್ನು ಬಳಸಿ, ಮಾಹಿಮಿನ ಕೊಲ್ಲಿಯಲ್ಲಿ ಸಮುದ್ರ ಸೇರುತ್ತದೆ. ನನ್ನ ಕಚೇರಿಯ ಕಿಟಕಿಯಿಂದ ಕಾಣುವ ಆ ಕಪ್ಪು ನೀರನ್ನು ನಾನು ಬಹುಕಾಲ ಚರಂಡಿಯೆಂದೇ ತಿಳಿದಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ತಾನು ನದಿಯೆಂಬುದನ್ನು ಅದು ಊರಿಗೆಲ್ಲ ನೆನಪಿಸಿತು. ಬೆಟ್ಟದ ಮೇಲಿನ ಭಿಕ್ಷುಗಳು ಪ್ರತಿ ಹನಿಗೂ ಒಂದು ದಾರಿ ಕೊರೆದಿದ್ದರು. ಬೆಟ್ಟದ ಕೆಳಗಿನ ನಾವು ನದಿಯ ದಾರಿಯನ್ನೇ ಮುಚ್ಚಿ ಕುಳಿತಿದ್ದೇವೆ.

ಈಗ ಕಚೇರಿಯ ಊಟದ ಬಿಡುವಿನಲ್ಲಿ ನಾನೂ ಸಾತಾರಾದ ಗೆಳೆಯನೂ ಕೆಲವೊಮ್ಮೆ ಅದೇ ಕಿಟಕಿಯ ಬಳಿ ನಿಲ್ಲುತ್ತೇವೆ. ಗಡಿಯ ವಿಷಯದಲ್ಲಿ ಅವನ ಅಭಿಪ್ರಾಯ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಮುಂದಿನ ತಿಂಗಳು ಹರಿಶ್ಚಂದ್ರಗಡ ಎಂದು ನಿಶ್ಚಯವಾಗಿದೆ. ಹಗ್ಗ ತರುವುದು ಅವನ ಪಾಲು. ಅದರ ನಂತರ ಡಿಸೆಂಬರಿನಲ್ಲಿ ಬನವಾಸಿ. ಅಲ್ಲಿ ದಾರಿ ತೋರಿಸುವುದು ನನ್ನ ಪಾಲು.